ಗೊಂಬೆಗಳಿಗೆ ಬೀಗ ಬೇಡ: ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವರಿಗೆ ಒಂದು ಬಹಿರಂಗ ಪತ್ರ

ಇವರಿಗೆ,
ಮಾನ್ಯ ಸಚಿವರು,
ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆ,
ಕರ್ನಾಟಕ ಸರ್ಕಾರ, ಬೆಂಗಳೂರು.

ಮಾನ್ಯರೇ,

ಬೆಂಗಳೂರಿನ ಪ್ರತಿ ಅಂಗನವಾಡಿಯಲ್ಲೂ ಪ್ರತಿ ಶಿಶುವಿಹಾರದಲ್ಲೂ ಕೈಯಿಂದ ಹೊಲಿದ ಕೆಲವು ಬಟ್ಟೆ ಗೊಂಬೆಗಳು ಮಕ್ಕಳ ಕೈಗೆಟುಕುವ ಜಾಗದಲ್ಲಿರಬೇಕು. ಆ ಗೊಂಬೆಗಳನ್ನಿಟ್ಟುಕೊಂಡು ಮಕ್ಕಳು ತಮಗೆ ತೋಚಿದಂತೆ ಆಡಲು ದಿನಕ್ಕೆ ಒಂದು ಗಂಟೆಯಾದರೂ ಬಿಡುವು ಸಿಗಬೇಕು. ಗೊಂಬೆ ಹರಿದರೆ, ಕೊಳೆಯಾದರೆ, ಕಳೆದುಹೋದರೆ ಅಂಗನವಾಡಿ ಕಾರ್ಯಕರ್ತೆ ಅದಕ್ಕಾಗಿ ಯಾರ ಮುಂದೆಯೂ ಲೆಕ್ಕ ಒಪ್ಪಿಸಬೇಕಾದ ಸ್ಥಿತಿ ಇರಬಾರದು. ಇಷ್ಟನ್ನು ಕೇಳಿಕೊಳ್ಳುವುದಕ್ಕಾಗಿ ಈ ಪತ್ರ ಬರೆಯುತ್ತಿದ್ದೇನೆ. ತಮಗೆ ಮಾತ್ರ ತಲುಪುವಂತೆ ಅರ್ಜಿ ಕೊಡದೆ ಬಹಿರಂಗವಾಗಿ ಬರೆಯಲು ಕಾರಣವಿದೆ. ಗೊಂಬೆಯನ್ನು ಕೊಡಿಸುವುದು, ಅದನ್ನು ಲೆಕ್ಕದ ಹೊರೆಯಿಂದ ಬಿಡಿಸುವುದು ಇಲಾಖೆಯಿಂದ ಆಗುವ ಕೆಲಸ. ಆದರೆ ಆಟದ ಆ ಒಂದು ಗಂಟೆ ಉಳಿಯಬೇಕಾದರೆ ತಂದೆತಾಯಂದಿರ ಒಪ್ಪಿಗೆ ಬೇಕು. ಆದ್ದರಿಂದ ಅವರೂ ಇದನ್ನು ಓದಲಿ ಎಂಬುದು ನನ್ನ ಆಸೆ.

ನಾನು ಈ ನಗರದ ಶಿಶುವಿಹಾರವೊಂದರಲ್ಲಿ ಬಹುಕಾಲ ಮಕ್ಕಳೊಂದಿಗೆ ಇದ್ದವಳು. ಈಗ ಬಿಡುವಾದಾಗಲೆಲ್ಲ ಅಂಗನವಾಡಿ ಕಾರ್ಯಕರ್ತೆಯರ, ಸಹಾಯಕಿಯರ ಜೊತೆ ಕುಳಿತು ಗೊಂಬೆ ಹೊಲಿಯುತ್ತೇನೆ. ಅವರ ಕೆಲಸದ ಭಾರವನ್ನು ಹತ್ತಿರದಿಂದ ನೋಡಿದ್ದೇನೆ. ಮಕ್ಕಳ ತೂಕ, ಎತ್ತರ, ಆಹಾರದ ಲೆಕ್ಕ, ಗರ್ಭಿಣಿ ಬಾಣಂತಿಯರ ಮನೆ ಭೇಟಿ, ಪೋಷಣೆಯ ಮಾಹಿತಿ ದಾಖಲಿಸುವ ಪೋಷಣ್ ಟ್ರ್ಯಾಕರ್ ಆ್ಯಪನ್ನು ಮೊಬೈಲಿನಲ್ಲಿ ತುಂಬುವುದು, ಇವೆಲ್ಲದರ ನಡುವೆ ಮೂರರಿಂದ ಆರು ವರ್ಷದ ಮಕ್ಕಳ ಕಲಿಕೆಯನ್ನೂ ಅವರೇ ನಡೆಸಬೇಕು. ಆದ್ದರಿಂದ ಅವರ ಮೇಲೆ ಇನ್ನೊಂದು ಹೊಣೆ ಹೊರಿಸುವ ಮಾತು ಈ ಪತ್ರದಲ್ಲಿ ಇಲ್ಲ. ಈಗಾಗಲೇ ಇರುವ ಒಂದು ಹೊಣೆಯನ್ನು ಇಳಿಸಿಕೊಡಿ ಎಂಬ ಬೇಡಿಕೆ ಇದೆ.

ಆ ಹೊಣೆ ಯಾವುದೆಂಬುದನ್ನು ಮೊದಲು ಹೇಳುತ್ತೇನೆ. ಶಾಲಾಪೂರ್ವ ಶಿಕ್ಷಣದ ಕಿಟ್ ಎಂದು ಅಂಗನವಾಡಿ ಕೇಂದ್ರಕ್ಕೆ ಬರುವ ಆಟಿಕೆಗಳು ಬಂದ ಕೂಡಲೇ ದಾಸ್ತಾನು ವಹಿಗೆ ಏರುತ್ತವೆ. ವಹಿಯಲ್ಲಿ ಏರಿದ ಮೇಲೆ ಅದು ಸರ್ಕಾರದ ಆಸ್ತಿ. ತಪಾಸಣೆಗೆ ಬಂದವರು ಕೇಳಿದಾಗ ವಹಿಯ ಸಂಖ್ಯೆಗೂ ಎದುರಿಗಿರುವ ವಸ್ತುವಿಗೂ ತಾಳೆಯಾಗಬೇಕು. ಅಲ್ಪ ಗೌರವಧನದಲ್ಲಿ ಸಂಸಾರ ತೂಗಿಸುವ ಹೆಣ್ಣುಮಗಳು ಒಂದು ಆಟಿಕೆ ಮುರಿದರೆ ಏನಾದೀತು ಎಂದು ಹೆದರುವುದು ಸಹಜ. ಹೆದರಿದವಳು ಆಟಿಕೆಗಳನ್ನು ಒರೆಸಿ, ಪ್ಲಾಸ್ಟಿಕ್ ಹೊದಿಕೆಯನ್ನೂ ತೆಗೆಯದೆ ಬೀರುವಿನಲ್ಲಿಟ್ಟು ಬೀಗ ಹಾಕುತ್ತಾಳೆ, ಇಲ್ಲವೇ ಮಕ್ಕಳಿಗೆ ಸಿಗದ ಎತ್ತರದಲ್ಲಿ ಗೋಡೆಗೆ ತೂಗುಹಾಕುತ್ತಾಳೆ. ನಾನು ಹೋದ ಒಂದಕ್ಕಿಂತ ಹೆಚ್ಚು ಕಡೆ ಗೊಂಬೆಗಳು ಹೊಸದಾಗಿಯೇ ಹಳೆಯವಾಗಿದ್ದವು. ಮಕ್ಕಳು ಅವನ್ನು ನೋಡಿದ್ದರೇ ಹೊರತು ಮುಟ್ಟಿರಲಿಲ್ಲ. ಇದನ್ನು ಯಾವ ಕಾರ್ಯಕರ್ತೆಯ ಮೇಲಿನ ದೂರಾಗಿಯೂ ನಾನು ಹೇಳುತ್ತಿಲ್ಲ. ಕುರ್ಚಿ, ತಕ್ಕಡಿ, ಕುಕ್ಕರುಗಳಿಗೆ ಇರುವ ಲೆಕ್ಕದ ಪದ್ಧತಿಯನ್ನೇ ಗೊಂಬೆಗೂ ಅನ್ವಯಿಸಿದರೆ ಆಗುವ ಪರಿಣಾಮ ಇದು. ಕುಕ್ಕರ್ ಹತ್ತು ವರ್ಷ ಬಾಳಿದರೆ ಇಲಾಖೆಗೆ ಲಾಭ. ಗೊಂಬೆ ಹತ್ತು ವರ್ಷ ಹೊಸದಾಗಿಯೇ ಉಳಿದರೆ ಅದರಿಂದ ಮಕ್ಕಳಿಗೆ ಏನೂ ಸಿಕ್ಕಿಲ್ಲ ಎಂದೇ ಅರ್ಥ.

ಆದ್ದರಿಂದ ಒಂದು ಸುತ್ತೋಲೆಯ ಮೂಲಕ ಬಟ್ಟೆ ಗೊಂಬೆಗಳನ್ನೂ ಅವುಗಳ ಉಡುಗೆ, ಹಾಸಿಗೆ, ಆಟದ ಪಾತ್ರೆಗಳನ್ನೂ ಬಳಕೆಯಿಂದ ಸವೆದುಹೋಗುವ ವಸ್ತುಗಳ ಪಟ್ಟಿಗೆ ಸೇರಿಸಿ ಎಂಬುದು ನನ್ನ ಮೊದಲ ಹಾಗೂ ಮುಖ್ಯ ವಿನಂತಿ. ಸೀಮೆಸುಣ್ಣ ಮುಗಿದುದಕ್ಕೆ ಯಾರೂ ವಿವರಣೆ ಕೇಳುವುದಿಲ್ಲ. ಹರಿದ ಗೊಂಬೆಗೂ ಅದೇ ನಿಯಮ ಸಾಕು. ಮೇಲ್ವಿಚಾರಕಿಯರು ಭೇಟಿಗೆ ಬಂದಾಗ ಎಷ್ಟು ಗೊಂಬೆಗಳಿವೆ ಎಂದು ಎಣಿಸುವುದನ್ನು ಬಿಟ್ಟು, ಅವುಗಳಲ್ಲಿ ಎಷ್ಟು ಮಕ್ಕಳ ಕೈಯಲ್ಲಿವೆ, ಎಷ್ಟಕ್ಕೆ ತೇಪೆ ಬಿದ್ದಿದೆ ಎಂದು ನೋಡುವಂತಾದರೆ ಬೀರುವಿನ ಬೀಗಗಳು ತಾವಾಗಿಯೇ ತೆರೆಯುತ್ತವೆ. ಇದಕ್ಕೆ ಹೊಸ ಹಣ ಬೇಕಿಲ್ಲ.

ಬಟ್ಟೆ ಗೊಂಬೆಯೇ ಏಕೆ, ಅಂಗಡಿಯಲ್ಲಿ ಸಿಗುವ ಗೊಂಬೆಗೆ ಏನಾಗಿದೆ ಎಂಬ ಪ್ರಶ್ನೆ ಸಹಜ. ಗುಂಡಿ ಒತ್ತಿದರೆ ಅಳುವ, ಇಂಗ್ಲಿಷ್ ಹಾಡು ಹೇಳುವ, ಸದಾ ಹಲ್ಲು ಬಿಟ್ಟು ನಗುವ ಗೊಂಬೆಯೊಡನೆ ಮಗು ಮಾಡಬಹುದಾದದ್ದು ಬಹಳ ಕಡಿಮೆ. ಅದರ ಮುಖದಲ್ಲಿ ನಗು ಅಚ್ಚಾಗಿಬಿಟ್ಟಿರುವುದರಿಂದ ಅದಕ್ಕೆ ಜ್ವರ ಬರಿಸುವುದು ಮಗುವಿಗೆ ಕಷ್ಟ. ಕೈಯಿಂದ ಹೊಲಿದ ಗೊಂಬೆಯ ಮುಖದಲ್ಲಿ ಎರಡು ಎಳೆ ಕಣ್ಣು, ಒಂದು ಸಣ್ಣ ಗೆರೆಯ ಬಾಯಿ ಇದ್ದರೆ ಸಾಕು. ಅದು ಅಳುತ್ತಿದೆಯೋ, ಮಲಗಿದೆಯೋ, ಮುನಿಸಿಕೊಂಡಿದೆಯೋ ಎಂಬುದನ್ನು ತೀರ್ಮಾನಿಸುವುದು ಮಗು. ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ 1919ರಲ್ಲಿ ಆರಂಭವಾದ ವಾಲ್ಡಾರ್ಫ್ ಶಾಲಾ ಪರಂಪರೆಯ ಶಿಶುವಿಹಾರಗಳಲ್ಲಿ ಉಣ್ಣೆ ತುಂಬಿದ ಬಟ್ಟೆ ಗೊಂಬೆಗಳ ಮುಖವನ್ನು ಹೀಗೆ ಬೇಕೆಂದೇ ಸರಳವಾಗಿ ಬಿಡುತ್ತಾರೆ. ಆದರೆ ಇದನ್ನು ನಾವು ಹೊರಗಿನಿಂದ ಕಲಿಯಬೇಕಾಗಿಲ್ಲ. ಉತ್ತರ ಕರ್ನಾಟಕದಲ್ಲಿ ಮಣ್ಣೆತ್ತಿನ ಅಮಾವಾಸ್ಯೆಗೆ ಮಕ್ಕಳು ಕಟ್ಟುವ ಎತ್ತುಗಳನ್ನೂ, ಆಷಾಢದಲ್ಲಿ ಹೆಣ್ಣುಮಕ್ಕಳು ಮಣ್ಣಿನಿಂದ ಮಾಡುವ ಗುಳ್ಳವ್ವನನ್ನೂ ನೋಡಿದವರಿಗೆ ಇದು ಗೊತ್ತು. ಹಳೆಯ ಸೀರೆಯ ತುಂಡನ್ನು ಸುತ್ತಿ ದಾರ ಕಟ್ಟಿ ಕೂಸು ಮಾಡಿಕೊಟ್ಟ ಅಜ್ಜಿಯರಿಗೂ ಗೊತ್ತಿತ್ತು.

ನವರಾತ್ರಿಯಲ್ಲಿ ನಮ್ಮ ಮನೆಗಳಲ್ಲಿ ಮೆಟ್ಟಿಲುಗಳ ಮೇಲೆ ಕೂರಿಸುವ ಪಟ್ಟದ ಗೊಂಬೆಗಳ ಬಗ್ಗೆ ನನಗೆ ಅಪಾರ ಗೌರವವಿದೆ. ಅವು ನೋಡುವ ಗೊಂಬೆಗಳು. ತರಗತಿಗೆ ಬೇಕಾದದ್ದು ಆಡುವ ಗೊಂಬೆ. ಮಗು ಅದರ ಕಾಲು ಹಿಡಿದು ಎಳೆದಾಡಬೇಕು, ಕಂಕುಳಲ್ಲಿ ಇರುಕಿಕೊಳ್ಳಬೇಕು, ಸಿಟ್ಟು ಬಂದಾಗ ಎಸೆದು ಮತ್ತೆ ಹೋಗಿ ಎತ್ತಿಕೊಳ್ಳಬೇಕು.

ಹಾಗೆ ಎತ್ತಿಕೊಂಡ ಮೇಲೆ ಏನು ನಡೆಯುತ್ತದೆ ಎಂಬುದನ್ನು ಅಂಗನವಾಡಿಯ ಮೂಲೆಯಲ್ಲಿ ಸುಮ್ಮನೆ ಕುಳಿತು ನೋಡಿದವರು ಮರೆಯಲಾರರು. ಗಾರ್ಮೆಂಟ್ಸ್‌ಗೆ ಹೋಗುವ ತಾಯಿಯ ಮಗಳು ಗೊಂಬೆಗೆ ತಲೆ ಬಾಚಿ, ಡಬ್ಬಿ ಕಟ್ಟಿ, ‘ಅಳಬಾರ್ದು, ಸಂಜೆ ಬರ್ತೀನಿ’ ಎಂದು ಹೇಳಿ ಹೊರಡುತ್ತಾಳೆ. ಮೂರು ಹೆಜ್ಜೆ ಹೋಗಿ ತಿರುಗಿ ಬಂದು ‘ನೋಡು, ಬಂದ್ನಲ್ಲ’ ಎನ್ನುತ್ತಾಳೆ. ಬೆಳಿಗ್ಗೆ ಅವಳಿಗೆ ಆದ ಅಗಲಿಕೆಯನ್ನು ಈಗ ಅವಳು ತಾಯಿಯ ಜಾಗದಲ್ಲಿ ನಿಂತು ನೋಡುತ್ತಿದ್ದಾಳೆ. ಚುಚ್ಚುಮದ್ದು ಹಾಕಿಸಿಕೊಂಡು ಬಂದ ಮರುದಿನ ಇಡೀ ಗುಂಪು ಗೊಂಬೆಗೆ ಇಂಜೆಕ್ಷನ್ ಚುಚ್ಚುತ್ತದೆ. ಶಕ್ತಿ ಯೋಜನೆ ಬಂದ ಮೇಲೆ ಬಸ್ಸಿನ ಆಟವೂ ಬದಲಾಗಿದೆ. ಕಂಡಕ್ಟರಾದ ಹುಡುಗ ಗೊಂಬೆ ಎತ್ತಿಕೊಂಡ ‘ಅಮ್ಮ’ನ ಬಳಿ ಬಂದು ‘ಆಧಾರ್ ತೋರ್ಸಿ’ ಎಂದು ಕೇಳುತ್ತಾನೆ. ಅವಳು ಒಂದು ಎಲೆಯನ್ನು ತೋರಿಸುತ್ತಾಳೆ. ಅವನು ಹರಿದ ಕಾಗದದ ಚೂರೊಂದನ್ನು ಟಿಕೆಟ್ಟೆಂದು ಕೊಡುತ್ತಾನೆ. ಎಲೆಯೊಂದು ಗುರುತಿನ ಚೀಟಿಯಾಗಬಲ್ಲದು, ಕಾಗದದ ಚೂರೊಂದು ಪ್ರಯಾಣದ ಹಕ್ಕಾಗಬಲ್ಲದು ಎಂದು ಆ ಇಬ್ಬರೂ ಒಪ್ಪಿಕೊಂಡಿದ್ದಾರಲ್ಲ, ಮುಂದೆ ‘ಅ’ ಎಂಬ ಗೆರೆಯೊಂದು ಒಂದು ಧ್ವನಿಯನ್ನು ಸೂಚಿಸುತ್ತದೆ ಎಂದು ಒಪ್ಪಿಕೊಳ್ಳುವುದಕ್ಕೂ ಅದೇ ಶಕ್ತಿ ಬೇಕು.

ರಷ್ಯಾದ ಮನಶ್ಶಾಸ್ತ್ರಜ್ಞ ಲೆವ್ ವೈಗಾಟ್ಸ್ಕಿ 1933ರ ತಮ್ಮ ಉಪನ್ಯಾಸವೊಂದರಲ್ಲಿ ಇದನ್ನೇ ವಿವರಿಸಿದ್ದರು. ಕೋಲೊಂದನ್ನು ಕುದುರೆ ಮಾಡಿಕೊಂಡು ಸವಾರಿ ಮಾಡುವ ಮಗು, ವಸ್ತುವಿನಿಂದ ಅದರ ಅರ್ಥವನ್ನು ಬೇರ್ಪಡಿಸುವುದನ್ನು ಮೊದಲ ಬಾರಿಗೆ ಕಲಿಯುತ್ತಿರುತ್ತದೆ ಎಂಬುದು ಅವರ ವಾದ. ಅದಕ್ಕಿಂತಲೂ ನನಗೆ ಮುಖ್ಯವೆನಿಸುವುದು ಅವರು ಹೇಳಿದ ಇನ್ನೊಂದು ವಿಷಯ. ಕಲ್ಪನೆಯ ಆಟ ಮೇಲ್ನೋಟಕ್ಕೆ ಅಂಕೆಯಿಲ್ಲದ್ದೆಂದು ಕಂಡರೂ ಅದರೊಳಗೆ ನಿಯಮಗಳಿರುತ್ತವೆ. ನಿಜವಾಗಿಯೂ ಅಕ್ಕತಂಗಿಯರಾಗಿದ್ದ ಇಬ್ಬರು ಹುಡುಗಿಯರು ‘ಅಕ್ಕತಂಗಿ ಆಟ’ ಆಡಿದ ಉದಾಹರಣೆಯನ್ನು ಅವರು ಕೊಡುತ್ತಾರೆ. ಬದುಕಿನಲ್ಲಿ ಅಕ್ಕ ತನಗೆ ತೋಚಿದಂತೆ ಇರುತ್ತಾಳೆ, ಆಟದಲ್ಲಾದರೋ ಅಕ್ಕನಾದವಳು ಹೇಗಿರಬೇಕೋ ಹಾಗೆಯೇ ಇರಬೇಕು. ನಮ್ಮ ಅಂಗನವಾಡಿಯಲ್ಲಿ ಒಂದು ಕ್ಷಣ ಕೂರದ ಹುಡುಗ ಗೊಂಬೆ ಮಲಗಿದೆ ಎಂದಾಗ ಉಸಿರು ಬಿಗಿಹಿಡಿದು ಕೂರುತ್ತಾನೆ. ‘ಸುಮ್ನಿರು’ ಎಂದು ಎಷ್ಟು ಗದರಿಸಿದರೂ ಬಾರದ ಆ ಸಂಯಮವನ್ನು ಅವನು ತಾನೇ ತನ್ನ ಮೇಲೆ ಹೇರಿಕೊಂಡಿರುತ್ತಾನೆ.

ಸಂಶೋಧನೆಗಳ ವಿಷಯದಲ್ಲಿ ಉತ್ಪ್ರೇಕ್ಷೆ ಮಾಡಲು ನನಗೆ ಇಷ್ಟವಿಲ್ಲ. 2020ರಲ್ಲಿ ಬ್ರಿಟನ್ನಿನ ಕಾರ್ಡಿಫ್ ವಿಶ್ವವಿದ್ಯಾಲಯದ ಸಂಶೋಧಕರು 4ರಿಂದ 8 ವರ್ಷದ ಮಕ್ಕಳ ಮೆದುಳಿನ ಚಟುವಟಿಕೆಯನ್ನು ಆಟದ ವೇಳೆಯಲ್ಲಿ ಅಳೆದು, ಇತರರ ಮನಸ್ಸನ್ನು ಅರಿಯುವುದಕ್ಕೆ ಸಂಬಂಧಿಸಿದ ಭಾಗವು ಮಗು ಒಂಟಿಯಾಗಿ ಗೊಂಬೆಯಾಟ ಆಡುವಾಗಲೂ ಚುರುಕಾಗಿರುತ್ತದೆ, ಒಂಟಿಯಾಗಿ ಟ್ಯಾಬ್ಲೆಟ್ ಆಟ ಆಡುವಾಗ ಅಷ್ಟು ಚುರುಕಾಗಿರುವುದಿಲ್ಲ ಎಂದು ವರದಿ ಮಾಡಿದರು. ಆದರೆ ಆ ಅಧ್ಯಯನಕ್ಕೆ ಗೊಂಬೆ ತಯಾರಿಸುವ ಕಂಪನಿಯೊಂದರ ಹಣ ಸಂದಿತ್ತು, ಭಾಗವಹಿಸಿದ ಮಕ್ಕಳೂ ಕೆಲವರೇ. ಅದಕ್ಕೂ ಮೊದಲು, 2013ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞೆ ಆಂಜೆಲಿನ್ ಲಿಲ್ಲಾರ್ಡ್ ಮತ್ತು ಸಂಗಡಿಗರು ಹಿಂದಿನ ಅಧ್ಯಯನಗಳನ್ನೆಲ್ಲ ಪರಿಶೀಲಿಸಿ, ಕಲ್ಪನೆಯ ಆಟವೇ ಮಗುವಿನ ಬೆಳವಣಿಗೆಗೆ ನೇರ ಕಾರಣ ಎನ್ನಲು ಸಿಕ್ಕಿರುವ ಪುರಾವೆ ಗಟ್ಟಿಯಲ್ಲ, ಅದು ಹಲವು ದಾರಿಗಳಲ್ಲಿ ಒಂದಾಗಿರಬಹುದು ಎಂದು ತೀರ್ಮಾನಿಸಿದ್ದರು. ಇದನ್ನು ಮುಚ್ಚಿಟ್ಟು ಗೊಂಬೆ ಕೊಟ್ಟರೆ ಮಕ್ಕಳ ಅಂಕ ಏರುತ್ತದೆ ಎಂದು ತಮಗೆ ಹೇಳಲಾರೆ. ಆಟ ಮಗುವಿನ ಹಕ್ಕು. ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 31ನೆಯ ವಿಧಿ ಹಾಗೆಂದೇ ಹೇಳುತ್ತದೆ, ಭಾರತ 1992ರಲ್ಲಿ ಆ ಒಡಂಬಡಿಕೆಗೆ ಸೇರಿದೆ. ಹಕ್ಕನ್ನು ಕೊಡುವುದಕ್ಕೆ ಫಲಿತಾಂಶದ ಖಾತರಿ ಕೇಳುವುದು ಸರಿಯಲ್ಲ ಎಂಬುದು ನನ್ನ ನಿಲುವು.

ನೀತಿಯ ಮಟ್ಟದಲ್ಲಂತೂ ಹೊಸದಾಗಿ ಒಪ್ಪಿಸಬೇಕಾದದ್ದು ಏನೂ ಉಳಿದಿಲ್ಲ. ರಾಷ್ಟ್ರೀಯ ಶೈಕ್ಷಣಿಕ ಸಂಶೋಧನೆ ಮತ್ತು ತರಬೇತಿ ಮಂಡಳಿ (ಎನ್‌ಸಿಇಆರ್‌ಟಿ) 2019ರಲ್ಲಿ ಹೊರತಂದ ಶಾಲಾಪೂರ್ವ ಪಠ್ಯಕ್ರಮ ಗೊಂಬೆ ಮತ್ತು ಅಭಿನಯದ ಆಟಕ್ಕೆ ತರಗತಿಯಲ್ಲಿ ಪ್ರತ್ಯೇಕ ಮೂಲೆ ಇರಬೇಕೆಂದು ಹೇಳಿದೆ. 2022ರ ಅಕ್ಟೋಬರಿನಲ್ಲಿ ಬಂದ ಬುನಾದಿ ಹಂತದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು 3ರಿಂದ 8 ವರ್ಷದ ಕಲಿಕೆಯ ನಡುವೆಯೇ ಆಟವನ್ನು ಇಟ್ಟಿದೆ. 2023ರ ಫೆಬ್ರವರಿಯಲ್ಲಿ ‘ಜಾದೂಯಿ ಪಿಟಾರಾ’ ಎಂಬ ಆಟಿಕೆಗಳ ಪೆಟ್ಟಿಗೆಯೂ ಬಂತು. ನಮ್ಮ ರಾಜ್ಯದ ಅಂಗನವಾಡಿಗಳ ‘ಚಿಲಿಪಿಲಿ’ ಚಟುವಟಿಕೆಗಳು ಅದಕ್ಕೂ ಹಿಂದಿನವು. 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಆರಂಭವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆಗೆ ಕರ್ನಾಟಕದಲ್ಲಿ ಮೊದಲು ಜಾಗ ಕೊಟ್ಟದ್ದು ತಿರುಮಕೂಡಲು ನರಸೀಪುರ. ಐವತ್ತು ವರ್ಷ ಅಂಗನವಾಡಿಗಳನ್ನು ನಡೆಸಿದ ರಾಜ್ಯಕ್ಕೆ ಆಟದ ಮಹತ್ವ ಗೊತ್ತಿಲ್ಲದಿಲ್ಲ. ಕಾಗದದ ಮೇಲಿನ ಈ ತಿಳಿವಳಿಕೆ ಬಾಡಿಗೆ ಕಟ್ಟಡದ ಆ ಒಂದು ಕೋಣೆಯ ಮೂಲೆಯವರೆಗೂ ತಲುಪಬೇಕು, ಅಷ್ಟೇ.

2024ರಲ್ಲಿ ಬೆಂಗಳೂರಿನಿಂದ ಆರಂಭವಾದ ಸರ್ಕಾರಿ ಮಾಂಟೆಸ್ಸರಿಗಳ ಬಗ್ಗೆ ಇಲ್ಲಿ ಒಂದು ಮಾತು ಹೇಳಬೇಕು. ಬಡವರ ಮಕ್ಕಳಿಗೂ ಒಳ್ಳೆಯ ಕಲಿಕಾ ಸಾಮಗ್ರಿ ಸಿಗಬೇಕೆಂಬ ಆ ಪ್ರಯತ್ನವನ್ನು ಮನಸಾರೆ ಸ್ವಾಗತಿಸುತ್ತೇನೆ. ಆದರೆ ಈ ಪದ್ಧತಿಯನ್ನು ರೂಪಿಸಿದ ಮರಿಯಾ ಮಾಂಟೆಸ್ಸರಿ ಅವರು ಕಲ್ಪನೆಯ ಆಟಕ್ಕೆ ಹೆಚ್ಚು ಮಹತ್ವ ಕೊಟ್ಟವರಲ್ಲ. 1907ರಲ್ಲಿ ರೋಮ್ ನಗರದಲ್ಲಿ ಅವರು ತೆರೆದ ಮೊದಲ ಶಿಶುಗೃಹದಲ್ಲಿ ಗೊಂಬೆಗಳಿದ್ದರೂ ಮಕ್ಕಳು ಅವನ್ನು ಬದಿಗಿಟ್ಟು ನಿಜವಾದ ಕೆಲಸವನ್ನೇ ಆರಿಸಿಕೊಂಡರೆಂದು ಅವರೇ ಬರೆದಿದ್ದಾರೆ. ನೀರು ಸುರಿಯುವುದು, ಗುಂಡಿ ಹಾಕುವುದು, ನೆಲ ಒರೆಸುವುದು ಮಗುವಿಗೆ ಎಷ್ಟು ಸಂತೋಷ ಕೊಡುತ್ತದೆಂದು ತೋರಿಸಿಕೊಟ್ಟ ಆ ಮಹಾತಾಯಿಯ ಕಾಣಿಕೆ ದೊಡ್ಡದು. 1939ರಲ್ಲಿ ಮದರಾಸಿನ ಅಡ್ಯಾರಿಗೆ ಬಂದು ಯುದ್ಧಕಾಲದ ವರ್ಷಗಳನ್ನು ಭಾರತದಲ್ಲೇ ಕಳೆದು ಅವರು ತರಬೇತುಗೊಳಿಸಿದ ಶಿಕ್ಷಕರಿಂದ ದಕ್ಷಿಣ ಭಾರತ ಬಹಳ ಪಡೆದಿದೆ. ಆದರೂ ಬೆಂಗಳೂರಿನ ನಮ್ಮ ಮಕ್ಕಳಲ್ಲಿ ಅನೇಕರಿಗೆ ಮನೆಯಲ್ಲಿ ನಿಜವಾದ ಕೆಲಸ ಬೇಕಾದಷ್ಟಿದೆ. ನೀರು ಹಿಡಿಯುವುದು, ತಮ್ಮನನ್ನು ನೋಡಿಕೊಳ್ಳುವುದು ಅವರಿಗೆ ಪಾಠವಾಗಿ ಅಲ್ಲ, ಹೊಣೆಯಾಗಿಯೇ ಬಂದಿರುತ್ತದೆ. ಅಂಥ ಮಗುವಿಗೆ ಆಡುವ ಜಾಗ ಬೇರೆಲ್ಲೂ ಸಿಗದೆ ಹೋಗಬಹುದು. ಆದ್ದರಿಂದ ಮಾಂಟೆಸ್ಸರಿ ಸಾಮಗ್ರಿಯ ಕಪಾಟಿನ ಪಕ್ಕದಲ್ಲೇ ಗೊಂಬೆಗಳಿಗೂ ಒಂದು ಚಾಪೆಯಷ್ಟು ಜಾಗ ಮೀಸಲಿಡಬೇಕೆಂದು ಕೋರುತ್ತೇನೆ.

ಗೊಂಬೆಗಳು ಎಲ್ಲಿಂದ ಬರಬೇಕು ಎಂಬ ವಿಷಯದಲ್ಲಿ ನನಗೆ ಹೇಳಲು ಬಹಳವಿದೆ. ಇಡೀ ರಾಜ್ಯಕ್ಕೆ ಒಂದೇ ಟೆಂಡರ್ ಕರೆದರೆ ಒಂದೇ ಅಚ್ಚಿನ, ಬಿಳಿ ಮೈಯ, ಹೊಂಬಣ್ಣದ ಕೂದಲಿನ ಸಾವಿರಾರು ಗೊಂಬೆಗಳು ಬಂದು ಬೀಳುತ್ತವೆ. ನಮ್ಮ ಕಂದು, ಕಪ್ಪು ಮೈಯ ಮಕ್ಕಳು ಅದನ್ನು ‘ಚೆನ್ನಾಗಿರೋ ಪಾಪು’ ಎಂದು ಕರೆಯಲು ಕಲಿಯುತ್ತಾರೆ. ಇನ್ನೊಂದು ದಾರಿ ನಮ್ಮ ನಗರದಲ್ಲೇ ಇದೆ. ಪೀಣ್ಯ, ಬೊಮ್ಮನಹಳ್ಳಿ, ಮೈಸೂರು ರಸ್ತೆಯ ಗಾರ್ಮೆಂಟ್ಸ್ ಕಾರ್ಖಾನೆಗಳಲ್ಲಿ ಕತ್ತರಿಸಿ ಉಳಿದ ಹತ್ತಿಬಟ್ಟೆಯ ಚೂರುಗಳಿಗೆ ಕೊರತೆಯಿಲ್ಲ. ಆ ಕಾರ್ಖಾನೆಗಳಲ್ಲಿ ಹೊಲಿಯುವ ತಾಯಂದಿರ ಮಕ್ಕಳೇ ಈ ಅಂಗನವಾಡಿಗಳಿಗೆ ಬರುತ್ತಾರೆ. ರಾಯಚೂರು, ಯಾದಗಿರಿ, ಕಲಬುರಗಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದು ತಗಡಿನ ಶೆಡ್ಡುಗಳಲ್ಲಿ ಇರುವ ಕುಟುಂಬಗಳ ಹಿರಿಯ ಹೆಂಗಸರಿಗೆ ಕೌದಿ ಹೊಲಿಯುವುದು ಗೊತ್ತು. ಹಳೆಯ ಸೀರೆ, ಧೋತರಗಳನ್ನು ಪದರ ಪದರವಾಗಿ ಹಾಸಿ ಸಾಲು ಟಾಕ ಹಾಕುವ ಆ ಕೈಗಳಿಗೆ ಗೊಂಬೆ ಹೊಲಿಯುವುದು ಒಂದು ಮಧ್ಯಾಹ್ನದ ಮಾತು. ಊರು ಬಿಟ್ಟು ಬಂದ ಮೇಲೆ ತಮ್ಮ ಕೈಯ ಆ ವಿದ್ಯೆಯನ್ನು ಯಾರೂ ಕೇಳಲಿಲ್ಲ ಎಂಬ ಕೊರಗು ಅವರಲ್ಲಿ ಅನೇಕರಿಗೆ ಇದೆ. ಅಂಗನವಾಡಿ ಕೇಂದ್ರದ ಬಾಲವಿಕಾಸ ಸಮಿತಿಯ ಸಭೆಯ ದಿನವೇ ಅವರನ್ನು ಕರೆದು ಕೂರಿಸಿದರೆ, ಅವರ ಕೂಲಿಯನ್ನು ಸರಿಯಾಗಿ ಕೊಟ್ಟರೆ, ಒಂದು ಕೇಂದ್ರಕ್ಕೆ ಬೇಕಾದ ಗೊಂಬೆಗಳು ಅಲ್ಲಿಯೇ ಸಿದ್ಧವಾಗುತ್ತವೆ. ಕೂಲಿಯ ಮಾತನ್ನು ಒತ್ತಿ ಹೇಳುತ್ತಿದ್ದೇನೆ. ಹೆಂಗಸರ ಹೊಲಿಗೆಯನ್ನು ಬಿಟ್ಟಿ ಸೇವೆ ಎಂದು ಭಾವಿಸುವ ಅಭ್ಯಾಸ ಇಲ್ಲಿ ಮುಂದುವರಿಯಬಾರದು.

ತಯಾರಿಕೆ ಕಷ್ಟವಲ್ಲ. ಒಗೆದು ಮೆತ್ತಗಾದ ಪಂಚೆಯ ತುಂಡಿನಲ್ಲಿ ಹತ್ತಿಯ ಉಂಡೆಯನ್ನು ಬಿಗಿಯಾಗಿ ಕಟ್ಟಿ ತಲೆ ಮಾಡಬೇಕು; ಅದರ ಮೇಲೆ ಮೈಬಣ್ಣದ ಹತ್ತಿ ಬಟ್ಟೆ ಎಳೆದು ಹೊಲಿದು, ಕೈಕಾಲುಗಳಿಗೆ ಬೂರುಗದ ಹತ್ತಿ ತುಂಬಿ, ತಲೆಗೆ ಕಪ್ಪು ಉಣ್ಣೆಯ ಎಳೆಗಳನ್ನು ಪೋಣಿಸಬೇಕು. ಗೊಂಬೆ ಒಂದೂವರೆ ಗೇಣಿಗಿಂತ ದೊಡ್ಡದಾಗಬಾರದು, ಏಕೆಂದರೆ ನಮ್ಮ ಮಳೆಗಾಲದಲ್ಲಿ ದಪ್ಪ ಗೊಂಬೆ ಒಗೆದ ಮೇಲೆ ಒಳಗಿನಿಂದ ಒಣಗದೆ ಬೂಷ್ಟು ಹಿಡಿಯುತ್ತದೆ. ಉಡುಗೆ ಬಿಚ್ಚಿ ತೊಡಿಸುವಂತಿದ್ದರೆ ವಾರಕ್ಕೊಮ್ಮೆ ಒಗೆಯುವುದು ಸುಲಭ, ಒಗೆಯುವುದೂ ಮಕ್ಕಳಿಗೆ ಒಂದು ಆಟ. ಕಣ್ಣಿಗೆ ಗುಂಡಿ, ಮಣಿ, ಗುಲಗಂಜಿ ಬೇಡವೇ ಬೇಡ. ಮಗು ಅವನ್ನು ಕಿತ್ತು ಬಾಯಿಗೆ ಹಾಕಿಕೊಳ್ಳಬಹುದು, ಗುಲಗಂಜಿಯಂತೂ ವಿಷ. ಮೂರು ವರ್ಷದೊಳಗಿನವರ ಆಟಿಕೆಗಳ ಸುರಕ್ಷತೆ ಪರೀಕ್ಷಿಸುವಾಗ 31.7 ಮಿಲಿಮೀಟರ್ ವ್ಯಾಸದ ಒಂದು ಕೊಳವೆಯನ್ನು ಬಳಸುತ್ತಾರೆ. ಅದರೊಳಗೆ ಪೂರ್ತಿ ಇಳಿಯುವ ಯಾವ ಭಾಗವೂ ಗಂಟಲಿಗೆ ಅಪಾಯ ಎಂದು ಲೆಕ್ಕ. ಅಣ್ಣ ಅಕ್ಕಂದಿರ ಜೊತೆ ಪುಟ್ಟ ಮಕ್ಕಳೂ ಅಂಗನವಾಡಿಗೆ ಬರುವುದರಿಂದ ಇದೇ ಅಳತೆಯನ್ನು ಎಲ್ಲ ಗೊಂಬೆಗಳಿಗೂ ಇಟ್ಟುಕೊಳ್ಳುವುದು ಕ್ಷೇಮ.

ಕಾನೂನಿನ ಒಂದು ತೊಡಕನ್ನು ಇಲಾಖೆಯೇ ಬಿಡಿಸಬೇಕು. ಆಟಿಕೆಗಳ ಗುಣಮಟ್ಟ ನಿಯಂತ್ರಣ ಆದೇಶ 2021ರ ಜನವರಿ 1ರಿಂದ ಜಾರಿಯಲ್ಲಿದ್ದು, ಮಾರಾಟದ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯವಾಗಿದೆ. ಕೇಂದ್ರ ಸರ್ಕಾರದ ಕರಕುಶಲ ಅಭಿವೃದ್ಧಿ ಆಯುಕ್ತರಲ್ಲಿ ನೋಂದಾಯಿಸಿಕೊಂಡ ಕುಶಲಕರ್ಮಿಗಳಿಗೂ, ಭೌಗೋಳಿಕ ಸೂಚಕ (ಜಿಐ ಟ್ಯಾಗ್) ಪಡೆದ ಉತ್ಪನ್ನಗಳ ಅಧಿಕೃತ ತಯಾರಕರಿಗೂ ಇದರಿಂದ ವಿನಾಯಿತಿ ಇದೆ. ಚನ್ನಪಟ್ಟಣದ ಆಟಿಕೆಗಳು ಹೀಗೆ ಉಳಿದುಕೊಂಡವು. ಸ್ತ್ರೀಶಕ್ತಿ ಗುಂಪಿನ ಹೆಂಗಸರು ಹೊಲಿದ ಗೊಂಬೆಯನ್ನು ಅಂಗನವಾಡಿ ಕೇಂದ್ರ ಖರೀದಿಸಿದರೆ ನಾಳೆ ಲೆಕ್ಕಪರಿಶೋಧನೆಯಲ್ಲಿ ಆಕ್ಷೇಪ ಬರಬಾರದು. ಆದ್ದರಿಂದ ಅಂಥ ಗುಂಪುಗಳ ಸದಸ್ಯರನ್ನು ಕುಶಲಕರ್ಮಿಗಳಾಗಿ ನೋಂದಾಯಿಸಲು ಇಲಾಖೆಯೇ ಶಿಬಿರ ನಡೆಸಬೇಕು ಮತ್ತು ಅಂಗನವಾಡಿ ಕೇಂದ್ರದ ಮಟ್ಟದಲ್ಲೇ ಸಣ್ಣ ಮೊತ್ತದ ಖರೀದಿಗೆ ಸ್ಪಷ್ಟ ಅನುಮತಿ ಕೊಡಬೇಕು.

ಚನ್ನಪಟ್ಟಣ ಇಲ್ಲಿಂದ ಸುಮಾರು 60 ಕಿಲೋಮೀಟರ್ ದೂರ. ಆಲೆ ಮರವನ್ನು ಕಡೆದು ಅರಗಿನ ಬಣ್ಣ ಹಚ್ಚುವ ಅಲ್ಲಿನ ಕುಶಲಕರ್ಮಿಗಳ ಪುಟ್ಟ ಒಲೆ, ಬಟ್ಟಲು, ಒರಳು, ಬೀಸುವ ಕಲ್ಲುಗಳು ಬಟ್ಟೆ ಗೊಂಬೆಯ ಸಂಸಾರಕ್ಕೆ ಹೇಳಿ ಮಾಡಿಸಿದಂತಿವೆ. ಗೊಂಬೆಯನ್ನು ಅಂಗನವಾಡಿಯ ಸುತ್ತಲಿನವರು ಹೊಲಿಯಲಿ, ಪಾತ್ರೆಪಡಗ ಚನ್ನಪಟ್ಟಣದಿಂದ ಬರಲಿ.

ಬೆಂಗಳೂರಿನ ಅಂಗನವಾಡಿಗೆ ವಿಶೇಷವಾದ ಇನ್ನೊಂದು ಸಂಗತಿಯನ್ನು ಹೇಳದೆ ಇರಲಾರೆ. ಒಂದೇ ಕೋಣೆಯಲ್ಲಿ ಕನ್ನಡ, ತಮಿಳು, ತೆಲುಗು, ಉರ್ದು, ಹಿಂದಿ, ಒಡಿಯಾ ಮಾತಾಡುವ ಮಕ್ಕಳು ಕುಳಿತಿರುತ್ತಾರೆ. ಹೊಸದಾಗಿ ಬಂದ ಮಗು ವಾರಗಟ್ಟಲೆ ಬಾಯಿ ಬಿಡದಿರುವುದುಂಟು. ಟೀಚರ್ ಏನು ಕೇಳಿದರೂ ಉತ್ತರವಿಲ್ಲ. ಆದರೆ ಗೊಂಬೆ ಕೈಗೆ ಬಂದರೆ ಆ ಮಗು ಅದರೊಡನೆ ತನ್ನ ಮನೆಯ ಮಾತಿನಲ್ಲಿ ಪಿಸುಗುಟ್ಟಲು ಶುರುಮಾಡುತ್ತದೆ. ಗೊಂಬೆ ತಪ್ಪು ಹಿಡಿಯುವುದಿಲ್ಲ, ಬೇಗ ಹೇಳು ಎನ್ನುವುದಿಲ್ಲ. ಪಕ್ಕದಲ್ಲಿ ಕುಳಿತವಳು ‘ನಿನ್ ಪಾಪು ಊಟ ಮಾಡ್ತಾ?’ ಎಂದು ಕೇಳಿದಾಗ ಮೊದಲ ಕನ್ನಡ ಪದ ಹೊರಡುತ್ತದೆ. ಕನ್ನಡ ಕಲಿಸಬೇಕೆಂಬ ಕಾಳಜಿ ಇರುವವರೆಲ್ಲ ಈ ಮೂಲೆಯಲ್ಲಿ ಒಮ್ಮೆ ಕುಳಿತು ಕೇಳಿಸಿಕೊಳ್ಳಬೇಕು.

ಈಗ ತಂದೆತಾಯಂದಿರಿಗೆ. ನಿಮ್ಮ ಆತಂಕ ನನಗೆ ಗೊತ್ತಿದೆ. ‘ಬರೀ ಆಟ ಆಡಿಸ್ತಾರೆ, ಏನೂ ಕಲಿಸಲ್ಲ’ ಎಂದು ಮಗುವನ್ನು ಅಂಗನವಾಡಿಯಿಂದ ಬಿಡಿಸಿ, ಸಾಲ ಮಾಡಿ ಫೀಸು ಕಟ್ಟಿ, ಮೂರೂವರೆ ವರ್ಷಕ್ಕೇ ಎಬಿಸಿಡಿ ತಿದ್ದಿಸುವ ಕಡೆಗೆ ಸೇರಿಸುತ್ತೀರಿ. ನೀವು ಹಾಗೆ ಮಾಡುವುದು ಮಗುವಿನ ಮೇಲಿನ ಪ್ರೀತಿಯಿಂದಲೇ. ಆದರೆ ಆ ವಯಸ್ಸಿನ ಬೆರಳುಗಳು ಪೆನ್ಸಿಲ್ ಹಿಡಿಯುವಷ್ಟು ಬಲಿಯುವ ಮೊದಲು ಗೊಂಬೆಗೆ ಲಂಗ ತೊಡಿಸಬೇಕು, ಅದರ ಜಡೆ ಹೆಣೆಯಬೇಕು, ಲಾಡಿ ಕಟ್ಟಬೇಕು. ಬರೆಯುವ ಕೈಗೆ ಬೇಕಾದ ಹಿಡಿತ ಅಲ್ಲಿಂದಲೇ ಬರುತ್ತದೆ. ಗಂಡುಮಕ್ಕಳ ತಂದೆಯರಲ್ಲಿ ಬೇರೆಯಾಗಿ ಕೇಳಿಕೊಳ್ಳುತ್ತೇನೆ: ನಿಮ್ಮ ಮಗ ಗೊಂಬೆಗೆ ಊಟ ಮಾಡಿಸುವುದನ್ನು ಕಂಡು ಗದರಬೇಡಿ. ನೀವು ಅವನಿಗೆ ಊಟ ಮಾಡಿಸಿದ್ದನ್ನು ಅವನು ನೆನಪಿಟ್ಟುಕೊಂಡಿದ್ದಾನೆ.

ಮಾನ್ಯ ಸಚಿವರೇ, ರಾಜ್ಯದಾದ್ಯಂತ ಒಮ್ಮೆಲೇ ಮಾಡಿ ಎಂದು ನಾನು ಕೇಳುತ್ತಿಲ್ಲ. ಬೆಂಗಳೂರು ನಗರದ ಒಂದು ಶಿಶು ಅಭಿವೃದ್ಧಿ ಯೋಜನೆಯ ವ್ಯಾಪ್ತಿಯಲ್ಲಿ, ಅಲ್ಲಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಯವರ (ಸಿಡಿಪಿಒ) ಒಪ್ಪಿಗೆಯೊಂದಿಗೆ, ಮುಂದಿನ ಜೂನ್ ತಿಂಗಳಿನಿಂದ ಆರಂಭಿಸಬಹುದು. ವಿಶ್ವಸಂಸ್ಥೆ ಘೋಷಿಸಿರುವ ಅಂತರರಾಷ್ಟ್ರೀಯ ಆಟದ ದಿನ ಜೂನ್ 11. 2024ರಿಂದ ಆಚರಣೆಯಲ್ಲಿರುವ ಆ ದಿನವನ್ನು ಭಾಷಣವಿಲ್ಲದೆ, ಬೀರುಗಳ ಬೀಗ ತೆಗೆದು ಆಚರಿಸಬಹುದು. ಕಬ್ಬನ್ ಪಾರ್ಕಿನ ಜವಾಹರ ಬಾಲಭವನ ತಮ್ಮ ಇಲಾಖೆಯ ಅಧೀನದಲ್ಲೇ ಇದೆ. ಬೇಸಿಗೆ ರಜೆಯಲ್ಲಿ ಅಲ್ಲಿ ಕಾರ್ಯಕರ್ತೆಯರಿಗೂ ಕೌದಿ ಹೊಲಿಯುವ ತಾಯಂದಿರಿಗೂ ಒಟ್ಟಿಗೆ ಹೊಲಿಗೆಯ ಕಮ್ಮಟ ನಡೆಸಲು ಜಾಗ, ನೆರಳು, ನೀರು ಎಲ್ಲವೂ ಇವೆ. ಕಮ್ಮಟಕ್ಕೆ ಬರುವ ದಿನಗಳನ್ನು ಕಾರ್ಯಕರ್ತೆಯರ ಕೆಲಸದ ದಿನಗಳೆಂದೇ ಪರಿಗಣಿಸಿ, ಆ ದಿನಗಳಲ್ಲಿ ಬೇರೆ ವರದಿಗಳನ್ನು ಕೇಳದಂತೆ ನಿರ್ದೇಶನ ಕೊಡಬೇಕೆಂದು ಕೋರುತ್ತೇನೆ. ಕಲಿಸಲು ನಾನೂ ನನ್ನಂಥ ಹಲವು ಹಿರಿಯ ಶಿಕ್ಷಕಿಯರೂ ಸಂಭಾವನೆಯಿಲ್ಲದೆ ಬರಲು ಸಿದ್ಧರಿದ್ದೇವೆ. ಹೊಲಿಯುವ ತಾಯಂದಿರ ಕೂಲಿಯನ್ನು ಮಾತ್ರ ಇಲಾಖೆ ಭರಿಸಬೇಕು. ಸವೆಯುವ ವಸ್ತುಗಳ ಪಟ್ಟಿಗೆ ಗೊಂಬೆಗಳನ್ನು ಸೇರಿಸುವ ಸುತ್ತೋಲೆ ಜೂನ್‌ಗೆ ಮೊದಲೇ ಹೊರಟರೆ ಕಾರ್ಯಕರ್ತೆಯರು ಮೊದಲ ದಿನದಿಂದಲೇ ನಿರ್ಭಯವಾಗಿ ಗೊಂಬೆಗಳನ್ನು ಮಕ್ಕಳ ಕೈಗೆ ಕೊಡಬಹುದು.

ಗೌರವಪೂರ್ವಕವಾಗಿ,

ಬೆಂಗಳೂರಿನ ಒಬ್ಬ ಶಿಶುವಿಹಾರ ಶಿಕ್ಷಕಿ